ನೂಲಕ್ಕನ ಕೊನೆಯ ಅಳತೆ

ಶುಕ್ರವಾರ, ಎರಡನೇ ಕಾಫಿಯ ಹೊತ್ತು

ಮುದ್ದು ಮಗಳೇ,

ನೂಲಕ್ಕನನ್ನು ಮಾರಿಬಿಟ್ಟೆ. ನಾನೂರು ಶೇರೂ ಹೋದವು. ನೀನು ಉಸಿರು ಬಿಡು, ನಾನಂತೂ ಬಿಟ್ಟಿದ್ದೇನೆ.

"ಅದನ್ನ ಮಾರಿ ಕಣ್ಣಿನ ಆಪರೇಷನ್ ಮಾಡಿಸ್ಕೊಳ್ಳಪ್ಪ" ಎಂದು ನೀನು ಎರಡು ವರ್ಷದಿಂದ ಗೋಗರೆಯುತ್ತಿದ್ದೆ. ನೀನೇ ದುಡ್ಡು ಕೊಡುತ್ತೇನೆಂದರೂ ನಾನು ಜಗ್ಗಲಿಲ್ಲ. ಪತ್ರ ಬರೆಯುವಾಗಲೂ ಮೂಗು ಕಾಗದಕ್ಕೆ ತಾಗುತ್ತಿದೆ, ನೋಡು, ಸಾಲುಗಳೆಲ್ಲ ಇಳಿಜಾರು ಹಿಡಿದಿವೆ.

ನೀನು ಹಾಸ್ಟೆಲಿನಲ್ಲಿದ್ದಾಗಿನ ಕಥೆ ಇದು. ಅಮ್ಮ ಹೊಲಿಗೆ ಮೆಷಿನ್ನಿಗೆ ಒಂದೇ ಕಂಪನಿಯ ನೂಲು ಹಾಕುತ್ತಿದ್ದಳು. "ರೀ, ಈ ನೂಲು ಕಡಿಯೋದೇ ಇಲ್ಲ" ಎಂದಳು. ಅಷ್ಟು ಸಾಕಾಯಿತು ನನಗೆ. ಆ ಕಂಪನಿಯ ಶೇರನ್ನು ನೂರ ಎಂಬತ್ತೆರಡರ ದರದಲ್ಲಿ ಕೊಂಡು ಆಫೀಸಿನಲ್ಲೆಲ್ಲ ಮೀಸೆ ತಿರುವಿದೆ. ಶೇರಿಗೆ ನೂಲಕ್ಕ ಎಂದು ಹೆಸರಿಟ್ಟವಳೂ ಅಮ್ಮನೇ. ಅಂದಿನಿಂದ ನೂಲಕ್ಕ ಇಳಿದದ್ದೇ ಇಳಿದದ್ದು. ನಾನು ಪೇಪರು ನೋಡಿ ಸಪ್ಪೆ ಮುಖದಲ್ಲಿ ದರ ಹೇಳಿದರೆ, ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಬಿಡಿ, ದಪ್ಪ ಆಗ್ತಾಳೆ" ಎನ್ನುತ್ತಿದ್ದಳು. ಅವಳಿಗೆ ಅಷ್ಟು ನಂಬಿಕೆ ಎಂದುಕೊಂಡೆ. ಅವಳು ಹೋದ ಮೇಲೆ ಮಾರುವುದೆಂದರೆ ಅವಳ ಮಾತನ್ನೇ ಮಾರಿದಂತೆ ಅನ್ನಿಸುತ್ತಿತ್ತು.

ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು 'ಸಂಕ್ ಕಾಸ್ಟ್' ಅಂತ ಏನೋ ಹೇಳಿದ್ದರು. ಮುಳುಗಿದ ದುಡ್ಡು ಎಂದಿರಬೇಕು. 'ಬೈಗಾನ್ಸ್ ಆರ್...' ಅಂತ, ಆದದ್ದು ಆಯಿತು ಅನ್ನುವ ಹಾಗೆ, ಮುಂದುವರಿಯುತ್ತಿತ್ತು. ಬಾಕಿ ಮರೆತಿದೆ. ಪರೀಕ್ಷೆಯಲ್ಲೂ ಮರೆತಿತ್ತು.

ಇರಲಿ, ಎಲ್ಲೋ ಹೋದೆ. ಈ ವಾರ ಅಮ್ಮನ ಅಳತೆ ಪುಸ್ತಕ ಕೈಗೆ ಸಿಕ್ಕಿತು. ಭೂತಗನ್ನಡಿ ಹಿಡಿದು ಓದಿದೆ. ಡಾಕ್ಟರಮ್ಮ, ಎದೆ ಮೂವತ್ತೆಂಟು. ಟೀಚರು, ತೋಳು ಹದಿನಾಲ್ಕು. ಗಿರಾಕಿಗಳ ನಡುವೆ ನೂಲಕ್ಕನಿಗೂ ಒಂದು ಪುಟ! ನೂರ ಎಂಬತ್ತೆರಡು. ನೂರ ನಲವತ್ತು. ತೊಂಬತ್ತೇಳು, ಪಕ್ಕದಲ್ಲಿ 'ಸೊರಗುತ್ತಿದ್ದಾಳೆ'. ಎಪ್ಪತ್ತನಾಲ್ಕರ ಕೆಳಗೆ ಹೀಗಿತ್ತು: 'ಇದನ್ನು ಬಿಚ್ಚಿಬಿಡಬೇಕು. ಉಳಿದ ಬಟ್ಟೆಯಲ್ಲಿ ಬೇರೆ ಏನಾದರೂ ಹೊಲಿಯಬಹುದು. ಇವರಿಗೆ ಹೇಗೆ ಹೇಳಲಿ? ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದಾರೆ.'

ನಾನು ಅವಳಿಗಾಗಿ ಇಟ್ಟುಕೊಂಡೆ, ಅವಳು ನನಗಾಗಿ. ಇಬ್ಬರಿಗೂ ಬೇಡವಾದ ನೆಂಟಳನ್ನು ಹನ್ನೊಂದು ವರ್ಷ ಮನೆಯಲ್ಲಿ ಕೂರಿಸಿ ಉಪಚಾರ ಮಾಡಿದ್ದೇವೆ ಕಣೇ! ಒಬ್ಬನೇ ಕೂತು ಕೆಮ್ಮು ಬರುವಷ್ಟು ನಕ್ಕೆ.

ಅದನ್ನು ಓದಿಯೇ ಬ್ರೋಕರ್ ಆಫೀಸಿಗೆ ಹೋದದ್ದು. ಅಲ್ಲಿನ ಹುಡುಗಿ, "ಅರವತ್ತೊಂದಕ್ಕೆ ಹೋಗುತ್ತೆ ಅಂಕಲ್. ಇನ್ನೂ ಕಾಯ್ತೀರಾ?" ಎಂದಳು. "ನಿನ್ನ ವಯಸ್ಸಿದ್ದರೆ ಕಾಯ್ತಿದ್ದೆನಮ್ಮ" ಎಂದೆ. ಹಾಕಿದ ದುಡ್ಡಿನ ಮೂರರಲ್ಲಿ ಒಂದು ಪಾಲು ಬಂತು. ಒಂದು ಕಣ್ಣಿಗೆ ಸಾಕು. ಇನ್ನೊಂದು ಕಣ್ಣಿನ ಲೆಕ್ಕ ನಿನ್ನದು. ಇನ್ನು ಹಠ ಮಾಡುವುದಿಲ್ಲ.

ಮುಂದಿನ ಗುರುವಾರ ಆಪರೇಷನ್. ರಜೆ ಹಾಕಿ ಬಾ.

ಮುಂದಿನ ಪತ್ರವನ್ನು ನೆಟ್ಟಗೆ ಬರೆಯಲಿರುವ
ನಿನ್ನ ಅಪ್ಪ

ತಾ.ಕ.: ಒಂದು ಸುಳ್ಳು ಬರೆದಿದ್ದೇನೆ, ಹೊಡೆದುಹಾಕಲು ಮನಸ್ಸಾಗಲಿಲ್ಲ. ಪುಸ್ತಕ ಓದಿ ಮಾರಿದ್ದಲ್ಲ. ಸೋಮವಾರ ಎಂಟನೇ ನಂಬರಿನ ಬಸ್ಸನ್ನು ಮೂರು ಎಂದು ಹತ್ತಿ, ಎಲ್ಲೋ ಇಳಿದು, ದಾರಿ ಕೇಳುತ್ತಾ ನಿಂತಾಗ ಹೆದರಿಕೆಯಾಯಿತು. ಅಲ್ಲಿಂದ ನೇರ ಹೋಗಿ ಮಾರಿದೆ. ಆಮೇಲೆ ಎರಡು ದಿನ ಅಮ್ಮನ ಹೊಲಿಗೆ ಕೋಣೆಯ ಬಾಗಿಲು ತೆಗೆಯಲಿಲ್ಲ. ಬುಧವಾರ ತಪ್ಪೊಪ್ಪಿಕೊಳ್ಳೋಣವೆಂದು ಒಳಗೆ ಹೋದಾಗಲೇ ಆ ಪುಸ್ತಕ ಸಿಕ್ಕಿದ್ದು. ಅವಳ ಸಾಲಿನ ಕೆಳಗೆ ನಾನೂ ಬರೆದೆ: 'ನೂಲಕ್ಕ, ಅರವತ್ತೊಂದು. ಬಿಚ್ಚಿದೆ.'