ಬಾಯಿಗೆ ಅಡ್ಡ ಹಿಡಿದ ಕೈ

ಜವನಗೊಂಡನಹಳ್ಳಿ
೧೩ ಫೆಬ್ರವರಿ ೨೦೨೫, ಗುರುವಾರ ಮಧ್ಯಾಹ್ನ
ನಿಮ್ಮಪ್ಪ ಕುರಿ ಸಂತೆಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ದೇವಿಕಾ,

ನೀನೂ ಕೂಸೂ ಚೆನ್ನಾಗಿದ್ದೀರೆಂದು ನಿಮ್ಮಪ್ಪ ಹೇಳಿದರು. ತಾಳ್ಯದಲ್ಲಿ ತೊಟ್ಟಿಲ ಶಾಸ್ತ್ರವಾಗಿ ಹನ್ನೊಂದು ದಿನ. ಹೆತ್ತ ತಾಯಿಯೇ ಬರಲಿಲ್ಲವೆಂದು ನಿಮ್ಮತ್ತೆ ಮಲ್ಲಕ್ಕನವರು ನಾಲ್ಕು ಜನರೆದುರು ಅಂದರಂತೆ. ಮೊದಲೇ ಬರೆಯಬೇಕಿತ್ತು. ತಪ್ಪು ನನ್ನದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹೋದ ಸಾರಿ ನೀನು ಮೂರು ಸಲ "ಏನಂದೆಮ್ಮ?" ಎಂದು ಕೇಳಿ, ಕೊನೆಗೆ "ಅಪ್ಪನಿಗೆ ಕೊಡು" ಎಂದೆ.

ಜ್ವರ ಬಂದಿದೆ, ಬರಲಾಗದು ಎಂದು ನಾನು ಹೇಳಿಕಳಿಸಿದ್ದು ಸುಳ್ಳು. ನನಗೆ ಜ್ವರ ಬಂದಿರಲಿಲ್ಲ. ದೊಡ್ಡವನಿಗೆ ಹಾಡಿದ ಹಾಗೆ ಈ ಕೂಸಿಗೂ ನಾನೇ ತೊಟ್ಟಿಲ ಹಾಡು ಹೇಳಬೇಕೆಂದು ಮಲ್ಲಕ್ಕನವರು ಹೇಳಿಕಳಿಸಿದ್ದರು. ಅಡುಗೆಮನೆಯಲ್ಲಿ ನಿಂತು ಹಾಡಿ ನೋಡಿದೆ. ಉಳಿದ ಆರು ಹಲ್ಲುಗಳ ಸಂದಿಯಿಂದ ಗಾಳಿಯೇ ಹೆಚ್ಚು ಬಂತು. ಅಂಗನವಾಡಿಯಲ್ಲೂ ಹಾಡುಗಳನ್ನು ಸಹಾಯಕಿ ಹನುಮಮ್ಮನಿಗೆ ಬಿಟ್ಟಿದ್ದೇನೆ. "ಮಕ್ಕಳು ನಿಮ್ಮನ್ನೇ ಕೇಳ್ತಾವೆ ಮೇಡಂ, ಒಂದ್ಸಾರಿ ಹಾಡ್ರಿ" ಎನ್ನುತ್ತಾಳೆ. ನಾನು ರಿಜಿಸ್ಟರು ತೆರೆದು ಕೂರುತ್ತೇನೆ.

ನಿಮ್ಮಪ್ಪ ಕುರಿ ಕೊಳ್ಳುವ ಮುಂಚೆ ತುಟಿ ಎತ್ತಿ ಹಲ್ಲು ಎಣಿಸಿ ವಯಸ್ಸು ಹೇಳುತ್ತಾರೆ. ಹಲ್ಲು ಬಿದ್ದ ಕುರಿಯನ್ನು ಹಟ್ಟಿಯಲ್ಲಿ ಉಳಿಸಿಕೊಳ್ಳುವುದಿಲ್ಲ. ನನ್ನ ಬಾಯಿಯನ್ನು ಮಾತ್ರ ಹತ್ತು ವರ್ಷ ಯಾರೂ ನೋಡಲಿಲ್ಲ. ಮುದ್ದೆ ನುಂಗುವ ಮನೆಯಲ್ಲಿ ಯಾರಿಗೆ ಅಗಿಯಲು ಆಗುವುದಿಲ್ಲವೆಂದು ತಿಳಿಯುವುದೂ ಇಲ್ಲ. ನೋವಾದಾಗ ಲವಂಗ ಇಟ್ಟುಕೊಂಡೆ, ಆಮೇಲೆ ಹೊಗೆಸೊಪ್ಪಿನ ಕಡ್ಡಿಪುಡಿ. ನೋವು ಮರೆತುಹೋಯಿತು, ಹಲ್ಲು ಒಂದೊಂದಾಗಿ ಅಲ್ಲಾಡಿದವು.

ತೊಟ್ಟಿಲಿಗೆ ಬಾರದ ನಾಚಿಕೆ ತಡೆಯಲಾರದೆ ಸೋಮವಾರ ಹಿರಿಯೂರಿಗೆ ಹೋದೆ. ಡಾಕ್ಟರು ನಿನ್ನ ವಯಸ್ಸಿನವಳು. "ಇಷ್ಟು ದಿನ ಏನ್ ಮಾಡ್ತಿದ್ರಿ ಅಮ್ಮ? ಐದು ವರ್ಷ ಮುಂಚೆ ಬಂದಿದ್ರೆ ಅರ್ಧನಾದ್ರೂ ಉಳೀತಿದ್ವು" ಎಂದಳು. ಆರನ್ನೂ ಕಿತ್ತಳು. ಒಸಡು ಮಾಯಲು ಮೂರು ತಿಂಗಳು ಬೇಕಂತೆ, ಆಮೇಲೆ ಕಟ್ಟುಹಲ್ಲಿನ ಸೆಟ್ಟು.

ಹಲ್ಲು ಕಟ್ಟಿಸಿಕೊಂಡು ಮೇ ತಿಂಗಳಲ್ಲಿ ಬರುತ್ತೇನೆ. ಕೂಸಿಗೆ ದೃಷ್ಟಿ ತೆಗೆಯುತ್ತಿರು. ದೊಡ್ಡವನನ್ನು ಬಾಯಿ ತೊಳೆಸದೆ ಮಲಗಿಸಬೇಡ. ಎರಡೂ ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ ಅಮ್ಮ,
ಏಕನಾಥಮ್ಮ

ಮತ್ತೆ: ಲಕೋಟೆಗೆ ಹಾಕಿದ್ದನ್ನು ತೆಗೆದು ಬರೆಯುತ್ತಿದ್ದೇನೆ. ಹೋದ ವರ್ಷ ನಿಮ್ಮ ಹೊಸ ಮನೆಯ ಬಾಡೂಟದಲ್ಲಿ ನಾನು ತುಂಡುಗಳನ್ನು ಎಲೆಯ ಅಂಚಿಗೆ ಸರಿಸಿದ್ದೆ. "ಯಾಕ್ರಿ ಅಕ್ಕ, ನಮ್ಮನೆ ಬಾಡು ರುಚಿ ಇಲ್ವಾ?" ಎಂದು ಮಲ್ಲಕ್ಕನವರು ಕೇಳಿದರು. ನಿಮ್ಮಪ್ಪ, "ರುಚಿ ಐತೆ ಕಣ್ರಿ, ಅವಳಿಗೆ ಹಲ್ಲಿಲ್ಲ. ಕುರಿ ಆಗಿದ್ರೆ ಯಾವತ್ತೋ ಸಂತೆಗೆ ಹೊಡ್ಕಂಡು ಹೋಗಿರ್ತಿದ್ದೆ" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ನೀನಾದರೂ ನಕ್ಕಿರಲಾರೆ ಎಂದು ನಿನ್ನ ಕಡೆ ತಿರುಗಿದೆ. ನೀನೂ ನಗುತ್ತಿದ್ದೆ. ನಿನ್ನ ಹಲ್ಲು ಎಷ್ಟು ಚೆನ್ನಾಗಿವೆ ಎಂದುಕೊಂಡೆ. ಅವತ್ತಿನಿಂದ ತಾಳ್ಯಕ್ಕೆ ಕಾಲಿಟ್ಟಿಲ್ಲ.

ಮೇ ಎಂದು ಬರೆದೆ. ಅಷ್ಟರಲ್ಲಿ ಕೂಸು ಬೋರಲು ಬೀಳುತ್ತದೆ. ಇಪ್ಪತ್ತಮೂರರ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಈಗಿರುವ ಬಾಯಲ್ಲೇ. ತೊಟ್ಟಿಲ ಹತ್ತಿರ ಕೂತು ಹಾಡುತ್ತೇನೆ. ಕೈ ಅಡ್ಡ ಹಿಡಿಯುವುದಿಲ್ಲ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ.