ಸುಟ್ಟ ನೂಲಿನ ವಾಸನೆ

ಜುಲೈ 9, ಬೆಳಿಗ್ಗೆ 11

ವ್ಯಾಪಾರಿಗಳ ಪರವಾಗಿ ನಾಲ್ಕು ಸುಂಕದ ಡಿಕ್ಲರೇಶನ್ ತುಂಬಿ ಮುಗಿಸಿದೆ. ಕಸ್ಟಮ್ಸ್ ಕಿಟಕಿಯಲ್ಲಿ ಮತ್ತದೇ ಕ್ಯೂ. ಚಹಾ ಆರಿತು, ಹಾಗೇ ಕುಡಿದೆ. ಹೇಗೂ ರುಚಿ ಇಲ್ಲ.

ಕನಿಶಾಯ್ ಬಂದಳು. ಹೊಲಿಗೆ ಕಾರ್ಖಾನೆ ನಡೆಸುವವಳು. ಹನ್ನೊಂದು ವರ್ಷದಿಂದ ನನ್ನ ಕೈಯಲ್ಲೇ ಕಾಗದ ಮಾಡಿಸುತ್ತಾಳೆ. ಚೀನಾದಿಂದ ಒಂದು ಲಾರಿ ಬಟ್ಟೆ, ಶಾಲೆಯ ಸಮವಸ್ತ್ರಕ್ಕೆ. ಸೆಪ್ಟೆಂಬರ್ ಒಂದಕ್ಕೆ ಶಾಲೆ ಶುರು, ಬಿಷ್ಕೆಕ್‌ನ ಮಕ್ಕಳು ಅದನ್ನು ತೊಟ್ಟು ಸಾಲಾಗಿ ನಿಲ್ಲಬೇಕು. ಮಾರಿದವನ ಕಾಗದದಲ್ಲಿ — ಪಾಲಿಯೆಸ್ಟರ್ 65, ವಿಸ್ಕೋಸ್ 35.

ತೂಕದಲ್ಲಿ ಪಾಲಿಯೆಸ್ಟರ್ ಹೆಚ್ಚು, ಹಾಗಾಗಿ ಸುಂಕದ ಕೋಡ್ 5515. ಅದರಲ್ಲಿ ತಕರಾರಿಲ್ಲ. ಮುಂದಿನ ಎರಡು ಅಂಕಿ, ಜೊತೆಗೆ ಬೆರೆತದ್ದು ಯಾವುದು ಅನ್ನುವುದರ ಮೇಲೆ. ವಿಸ್ಕೋಸ್ ಆದರೆ 11, ಉಣ್ಣೆ ಆದರೆ 13. ಸುಂಕ ಬೇರೆ. ತಪ್ಪಿದರೆ ಸುಳ್ಳು ಘೋಷಣೆ, ಸರಕು ಜಪ್ತಿ.

ಮಾರುವವನ ಕಾಗದ ನಂಬುವವಳಲ್ಲ ನಾನು. ಇಪ್ಪತ್ತಾರು ವರ್ಷ ನೂಲು ಎಳೆದು, ಸುಟ್ಟು, ಮೂಸಿಯೇ ಬರೆದಿದ್ದೇನೆ. ವಿಸ್ಕೋಸ್ ಮರದ ತಿರುಳಿನ ನೂಲು, ಅದರ ವಾಸನೆ ಅಂದರೆ ಸುಟ್ಟ ಕಾಗದ. ಉಣ್ಣೆ ಅಂದರೆ ಸುಟ್ಟ ಕೂದಲು. ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಉಳಿದದ್ದನ್ನು ಮೂಗೇ ಹೇಳಬೇಕು. ಇಲ್ಲಿ ನನ್ನ ಅಡ್ಡಹೆಸರೇ ‘ಮೂಗು’.

ಎಳೆದೆ. ಸುಟ್ಟೆ. ಮೂಸಿದೆ.

ಏನೂ ಇಲ್ಲ. ಜನವರಿಯ ಜ್ವರ ಬಿಟ್ಟಾಗಿನಿಂದ ಏನೂ ಇಲ್ಲ. ಈ ನೋಟ್‌ಬುಕ್ ಬಿಟ್ಟರೆ ಯಾರಿಗೂ ಹೇಳಿಲ್ಲ, ಗಂಡನಿಗೂ.

ಮಾರಿದವನ ಕಾಗದದಲ್ಲಿದ್ದದ್ದನ್ನೇ ನೋಡಿ, “ವಿಸ್ಕೋಸ್,” ಅಂದೆ.

ಕನಿಶಾಯ್ ಮೂಗರಳಿಸಿದಳು. “ಅಕ್ಕ, ನಂಗ್ಯಾಕೋ ಕುರಿತಲೆ ಸುಟ್ಟ ಹಾಗೆ ಬರ್ತಿದೆಯಲ್ಲ? ಒಂದ್ಸಲ ಲ್ಯಾಬಿಗೆ ಕಳಿಸೋಣ್ವಾ?”

“ನಿನ್ನೆ ನಿಮ್ಮತ್ತೆ ಮನೇಲಿ ಔತಣ ಇತ್ತಲ್ಲ, ಅದಿನ್ನೂ ನಿನ್ನ ಮೂಗಲ್ಲೇ ಕೂತಿದೆ. ಲ್ಯಾಬಂದ್ರೆ ಮೂರು ವಾರ ಕಣೆ. ಮಕ್ಕಳನ್ನ ಚಡ್ಡೀಲಿ ಸ್ಕೂಲಿಗೆ ಕಳಿಸ್ತೀಯಾ?”

ಕ್ಯೂನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. 5515 11 ಎಂದು ತುಂಬಿ ಸಹಿ ಹಾಕಿದೆ.

ಜುಲೈ 12

ಬಜಾರಿನ ಹಿಂದೆ ಕುರಿತಲೆ ಸುಡುತ್ತಿದ್ದರು. ಹೋಗಿ ಹೊಗೆಯಲ್ಲೇ ನಿಂತೆ. ಕಣ್ಣಲ್ಲಿ ನೀರು ಸುರಿಯಿತು, ವಾಸನೆ ಮಾತ್ರ ಇಲ್ಲ. “ಏನಮ್ಮ, ಹೊಗೇಲೇ ಸ್ನಾನ ಮುಗಿಸ್ಬಿಡ್ತೀಯಾ?” ಅಂದ ಸುಡುವವನು.

ನಾಲ್ಕು ಕಾಸಿನ ನೂಲಿಗೆ ಇಷ್ಟು ಭಯ ಪಡುತ್ತೇನೆಂದು ಗೊತ್ತಿರಲಿಲ್ಲ.

ಜುಲೈ 15

ಕನಿಶಾಯ್‌ಳ ಲಾರಿಯನ್ನು ಕಸ್ಟಮ್ಸ್ ಟರ್ಮಿನಲ್‌ನ ಗೇಟಿನಲ್ಲಿ ಹಿಡಿದರು. ತಪಾಸಣೆಗೆ ಹತ್ತರಲ್ಲಿ ಒಂದು ಲಾರಿ ಆರಿಸುತ್ತಾರೆ, ಈ ಸಲ ಇದು. ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ ಲಾರಿಗೆ ಸೀಲು ಹಾಕಿದರು.

“ಬಿಡಕ್ಕ, ಮೂಸಿದ್ದು ನೀವಲ್ವಾ, ನನಗೇನು ಭಯ,” ಅಂದಳು. ನನಗೆ ಸಮಾಧಾನ ಹೇಳಿ ಹೋದಳು!

ಆಗಸ್ಟ್ 4

ಲ್ಯಾಬ್ ವರದಿ ಬಂತು. ಪಾಲಿಯೆಸ್ಟರ್ 64. ಉಣ್ಣೆ 36. ಹಳೆ ಸ್ವೆಟರ್‌ಗಳನ್ನು ಹಿಂಜಿ ನೂತ ಉಣ್ಣೆ.

ಕುರಿತಲೆ ಅಂದಿದ್ದಳು. ನೆಟ್ಟಗೆ ಹೇಳಿದ್ದಳು. ನಾನು ನಾಲ್ಕು ಜನರ ಮುಂದೆ ಅವಳನ್ನೇ ಆಡಿಕೊಂಡೆ.

ಬೇಕೆಂದೇ ಉಣ್ಣೆ ಮುಚ್ಚಿಟ್ಟಳೆಂದು ಅವಳ ಮೇಲೆ ಫೈಲ್ ತೆರೆದಿದ್ದಾರೆ. ಕಾರ್ಖಾನೆಯಲ್ಲಿ ಹತ್ತೊಂಬತ್ತು ಹೆಂಗಸರು, ಹತ್ತೊಂಬತ್ತು ಮಷಿನ್, ಎಲ್ಲರ ಕೆಲಸ ನಿಂತಿದೆ.

ಆಗಸ್ಟ್ 5, ಮಧ್ಯಾಹ್ನ

ಕಸ್ಟಮ್ಸ್ ಇನ್‌ಸ್ಪೆಕ್ಟರ್ ಒರೊಜಾಲಿ ಕರೆಸಿದ. ಕುರ್ಚಿ ಹಾಕಿದ, ಚಹಾ ಕೊಟ್ಟ.

“ಇಪ್ಪತ್ತಾರು ವರ್ಷ ನಿಮ್ಮ ಮೂಗು ತಪ್ಪಿಲ್ಲ, ಅಕ್ಕ. ಅಂದ್ರೆ ಅವಳು ನಿಮಗೆ ತೋರ್ಸಿದ ತುಂಡೇ ಬೇರೆ, ಲಾರೀಲಿ ತುಂಬಿದ್ದೇ ಬೇರೆ. ಹಾಗಂತ ಎರಡು ಸಾಲು ಬರ್ಕೊಡಿ. ನಿಮ್ಮ ಲೈಸೆನ್ಸಿಗೇನೂ ಆಗಲ್ಲ.”

“ಅವಳಿಗೆ?”

“ಕೋರ್ಟಿದೆ. ಬಟ್ಟೆ ಹೋಗುತ್ತೆ, ಕಾರ್ಖಾನೆಗೆ ಬೀಗ ಬೀಳುತ್ತೆ. ಅದು ನಿಮಗ್ಯಾಕೆ?”

ಈಗ ಹೇಳಬೇಕು, ಈಗಲೇ, ಅಂದುಕೊಳ್ಳುತ್ತಲೇ ಇದ್ದೆ. ಮೂಗಿಲ್ಲದ ‘ಮೂಗು’ — ಇಡೀ ಟರ್ಮಿನಲ್ ನಗುತ್ತದೆ. ಈ ವಯಸ್ಸಿನಲ್ಲಿ ಇನ್ನೇನು ಕೆಲಸ ಮಾಡಲಿ…

ಎರಡು ಸಾಲು ಬರೆದುಕೊಟ್ಟೆ.

ನನ್ನ ಮುಖ ನನಗೇ ಬೇಡವಾಗಿದೆ.

ಆಗಸ್ಟ್ 6

ಕೆಲಸಕ್ಕೆ ಹೋಗಲಿಲ್ಲ. ಮಲಗಿದ್ದೆ.

ಆಗಸ್ಟ್ 9, ಸಂಜೆ 4

ಕನಿಶಾಯ್ ಈಗಷ್ಟೇ ಹೋದಳು.

ಮೂರಕ್ಕೆ ಮನೆಗೆ ಬಂದಳು. ಕೈಯಲ್ಲಿ ನಾನು ಬರೆದುಕೊಟ್ಟ ಕಾಗದದ ನಕಲು. ಬಾಗಿಲಲ್ಲೇ ಶುರು ಮಾಡಿದಳು. “ಬೇರೆ ತುಂಡಾ? ನಾನು ಬೇರೆ ತುಂಡು ತಂದಿದ್ನಾ? ನಿಮ್ಮ ಕೈಯಾರೆ ನೂಲು ಎಳೆದ್ರಲ್ಲ! ನಿಮಗೆ ಮನಸ್ಸಾದ್ರೂ ಹೇಗೆ —”

ಅಷ್ಟಕ್ಕೇ ನಿಲ್ಲಿಸಿದಳು. ಅಡುಗೆಮನೆ ಕಡೆ ನೋಡಿದಳು. ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿದಳು.

ಎದುರಿಗೆ ಕೂತಳು. ಒಂದು ನೂಲು ತೆಗೆದು ಕಡ್ಡಿ ಗೀರಿ ನನ್ನ ಮೂಗಿನ ಹತ್ತಿರ ಹಿಡಿದಳು. “ಇದೇನು, ಹೇಳಿ.”

“ಉಣ್ಣೆ.”

“ಸರಿಯಾಗಿ ಮೂಸಿ, ಅಕ್ಕ.”

“ಉಣ್ಣೆನೇ ಕಣೆ. ನೀನೇ ಹೇಳಿದ್ಯಲ್ಲ, ಕುರಿತಲೆ ವಾಸನೆ. ಆಯ್ತು, ನೀನು ಹೇಳಿದ್ದೇ ಸರಿ. ಇನ್ನೇನು ಬೇಕು ನಿಂಗೆ?”

ಸುಟ್ಟ ಚೂರನ್ನು ತಟ್ಟೆಗೆ ಹಾಕಿದಳು. “ಇದು ನನ್ನ ತಲೆವಸ್ತ್ರದ ದಾರ. ಬರೀ ಹತ್ತಿ.”

ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. “ಹಾಲು ಸೀದು ಪಾತ್ರೆ ಕರ್ರಗಾಗಿದೆ. ನಾನು ಬಾಗಿಲಿಗೆ ಬಂದಾಗ್ಲೇ ನಾರ್ತಿತ್ತು.”

ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

“ಯಾವಾಗಿಂದ?”

“ಜನವರಿ.”

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಲ್ಲಿಯ ಕೆಳಗೆ ಆ ಪಾತ್ರೆ ಇಟ್ಟು ತಿಕ್ಕತೊಡಗಿದಳು. ಬೆನ್ನು ನನ್ನ ಕಡೆಗಿತ್ತು.

“ನಾನೇ ಮೂಸಿ ಹೇಳಿದ್ನಲ್ಲ, ಅಕ್ಕ,” ಅಂದಳು.

ಪಾತ್ರೆ ಬೋರಲು ಹಾಕಿ ಹೋದಳು. ಕೇಸಿನ ಮಾತು ಮತ್ತೆ ಎತ್ತಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಅತ್ತೆ. ನಾಚಿಕೆ ಬಿಟ್ಟು, ಜೋರಾಗಿ.

ಆಗಸ್ಟ್ 10, ಬೆಳಿಗ್ಗೆ 8.40

ಕಸ್ಟಮ್ಸ್ ಕಾರಿಡಾರ್. ತೊಡೆಯ ಮೇಲೆ ನೋಟ್‌ಬುಕ್. ಹೊಸ ಹೇಳಿಕೆ ಕೊಡಲು ಬಂದಿದ್ದೇನೆ. ಬಾಯಲ್ಲಿ ಹೇಳಿದರೆ ಸಾಕು, ಬರೆಯುವುದು ಆಮೇಲೆ ಅಂದುಕೊಂಡಿದ್ದೆ.

ಒರೊಜಾಲಿ ಹೊರಗೆ ಬಂದ. ಕೈಯಲ್ಲಿ ಯಾವುದೋ ತುಂಡು, ಲೈಟರ್. ಹಿಂದೆ ಮೂರು ಜನ ವ್ಯಾಪಾರಿಗಳು. “ಒಳ್ಳೇ ಟೈಮಿಗೆ ಬಂದ್ರಿ, ಅಕ್ಕ! ಇದೇನು ನೋಡಿ ಹೇಳಿ.” ನೂಲು ಹೊತ್ತಿಸಿ ಮುಖದ ಹತ್ತಿರ ತಂದ.

“ಗೊತ್ತಾಗ್ತಿಲ್ಲ,” ಅಂದೆ. “ನಂಗೆ ವಾಸನೆ ಬರಲ್ಲ.”

ನಕ್ಕುಬಿಟ್ಟರು. ನಾಲ್ವರೂ. “ಹೌದು ಹೌದು, ಮೂಗಿಗೇ ಮೂಗಿಲ್ಲ!” ಅಂದ ಒಬ್ಬ. “ನೂಲು ಚಿಕ್ಕದಾಯ್ತು, ದೊಡ್ಡದು ತರ್ತೀನಿ, ಇರಿ,” ಎಂದು ಒರೊಜಾಲಿ ನಗುತ್ತಲೇ ಒಳಗೆ ಹೋದ. ಉಳಿದವರು ಇನ್ನೂ ನಗುತ್ತಿದ್ದಾರೆ. ನನ್ನ ಬಾಯಿಂದ ಬಂದರೆ ಎಲ್ಲ ತಮಾಷೆ. ನಾನೇ ಕಲಿಸಿದ್ದು.

ಬರೆದೇ ಕೊಡಬೇಕು. ಇದೇ ಪುಟ ಹರಿದು ಕೊಡುತ್ತೇನೆ. ಅವನು ಬರುವುದರೊಳಗೆ —

ನಾನು, ಟೊಕ್ಟೊಕನ್. ಆಗಸ್ಟ್ 5ರಂದು ಬರೆದುಕೊಟ್ಟದ್ದು ಸುಳ್ಳು. ಕನಿಶಾಯ್ ತಂದ ತುಂಡೂ ಲಾರಿಯ ಬಟ್ಟೆಯೂ ಒಂದೇ. ಉಣ್ಣೆಯ ವಾಸನೆ ಎಂದು ಅವಳು ಹೇಳಿದ್ದಳು. ಜುಲೈ 9ರಂದು ನನಗೆ ಯಾವ ವಾಸನೆಯೂ ಬಂದಿರಲಿಲ್ಲ, ಜನವರಿಯಿಂದ ಬರುವುದೂ ಇಲ್ಲ.