ಉಗಿದದ್ದು, ಕುಡಿದದ್ದಲ್ಲ

ಶನಿವಾರ ರಾತ್ರಿ.

"ಕುಡಿದಿಲ್ಲ ಕಣೇ ಅಕ್ಕ, ಉಗಿದಿದ್ದೀನಿ!" ಅಂದರೂ ಅಕ್ಕ ನಂಬಲಿಲ್ಲ. ನಾನು ಕೆಲಸ ಮಾಡೋ ಬಾರಿನಲ್ಲಿ ಇವತ್ತು ಅಮೆರಿಕದ ವಿಸ್ಕಿ ರುಚಿ ನೋಡೋದು ಕಲಿಸಿದರು. ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗಿಯಬೇಕು. ನನಗೆ ನೆಟ್ಟಗೆ ಉಗಿಯೋಕೆ ಬರಲಿಲ್ಲ, ಅರ್ಧ ಅಂಗಿ ಮೇಲೆ ಬಿತ್ತು. ಅದರ ವಾಸನೆ ಹಿಡಿದು ಅಕ್ಕ, "ನಾಳೆಯಿಂದ ಆ ಕೆಲಸ ಬೇಡ" ಅಂದಳು.

ಸ್ಕೂಲು ಬಿಟ್ಟು ಹತ್ತು ವರ್ಷದ ಮೇಲೆ ಒಂದು ಪಾಠ ತಲೆಗೆ ಹತ್ತಿದೆ, ಅದನ್ನೂ ಬಿಡಬೇಕಾ? ಬಾರಿನಿಂದ ತಂದಿದ್ದ ಎರಡು ಪುಟ್ಟ ವಿಸ್ಕಿ ಸೀಸೆಗಳನ್ನು ಅವಳ ಮುಂದೆ ಕುಕ್ಕಿದೆ. "ನೀನೇ ರುಚಿ ನೋಡಿ ಹೇಳು!"

"ಇದು ಸುಟ್ಟ ಸಕ್ಕರೆ ಥರ. ಇದು ಕಾಳುಮೆಣಸು ಜಗಿದ ಹಾಗಿದೆ ಕಣೋ."

ಮೊದಲನೆಯದು ಮೆಕ್ಕೆಜೋಳದ ಬರ್ಬನ್, ಎರಡನೆಯದು ರೈ ಅನ್ನೋ ಧಾನ್ಯದ ವಿಸ್ಕಿ. ಬಾರಿನಲ್ಲಿ ಹೇಳಿಕೊಟ್ಟ ರುಚಿಗಳೇ, ಎರಡೂ ಸರಿ! ಸಿಟ್ಟು ಮರೆತು ಕುಣಿಯೋ ಹಾಗಾಯ್ತು.

"ಎಲ್ಲಿ ಉಗಿದೆ?"

"ನುಂಗಿಬಿಟ್ಟೆ."

"ಹಾಗಾದ್ರೆ ಕುಡುಕಿ ನೀನು! ನಾಳೆ ಕೆಲಸಕ್ಕೆ ಹೋಗೇ ಹೋಗ್ತೀನಿ!"

ಅವಳ ನಗು ನಿಂತು ಮತ್ತೆ "ಬೇಡ" ಅನ್ನೋದರೊಳಗೆ ದಡಾರಂತ ಬಾಗಿಲು ಎಳೆದುಕೊಂಡು ಹೊರಬಂದೆ.